ಪುಟ ಮಗುಚುವ ಕೆಲಸ

ಹಾಲಿನ ಪ್ಯಾಕೆಟಿನ ಮೂಲೆ ಕತ್ತರಿಸುತ್ತಿದ್ದಾಗ ಕತ್ತರಿಯ ಮೇಲೆ ಬಿಸಿಲು ಬಿತ್ತು. ವಾರಗಟ್ಟಲೆ ಮಳೆಯ ನಂತರ ಬಂದ ಬಿಸಿಲು. ಹಾಲು ಕಾಯಿಸಿದೆ, ಗಂಡನ ಬುತ್ತಿಗೆ ನಿನ್ನೆಯ ಬಂಗುಡೆ ಸಾರು ಬಿಸಿ ಮಾಡಿ ಹಾಕಿದೆ. ಕೆಳಗೆ ಮೀನಿನ ಸ್ಕೂಟರಿನವನು ಹಾರ್ನ್ ಬಾರಿಸಿದ. ಫಳ್ನೀರಿನ ನಮ್ಮ ರಸ್ತೆಯಲ್ಲಿ ದಿನದ ಮೊದಲ ಆಂಬುಲೆನ್ಸ್ ಕೂಗುತ್ತ ಹೋಯಿತು. ಒಳಗಿರುವವರು ಯಾರೋ ಏನೋ ಎಂದು ಯಾವಾಗಿನಂತೆ ಶಿಲುಬೆಯ ಗುರುತು ಹಾಕಿಕೊಂಡೆ.

“ಇವತ್ತಾದರೂ ಚಾಪೆ, ದಿಂಬು ಎಲ್ಲ ಟೆರೇಸಿಗೆ ಹಾಕು ಮಾರಾಯ್ತಿ, ಮಲಗಿದರೆ ಬೂಷ್ಟಿನ ವಾಸನೆ,” ಎಂದರು ಸ್ಟ್ಯಾನಿ, ಬೂಟಿನ ಲೇಸು ಕಟ್ಟುತ್ತ. ಹಂಪನಕಟ್ಟೆಯ ಹತ್ತಿರ ಅವರದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಲಿಫ್ಟಿನ ಬಾಗಿಲು ಮುಚ್ಚುವ ತನಕ ನಿಂತಿದ್ದು, ಒಳಗೆ ಬಂದು, ಮಂಚದಡಿಯ ಡ್ರಾಯರಿಗೆ ಕೈ ಹಾಕಿದೆ. ಮಳೆಗೆ ಮರ ಉಬ್ಬಿತ್ತು. ನೆಲದ ಮೇಲೆ ಕುಳಿತು, ಮಂಚಕ್ಕೆ ಕಾಲು ಕೊಟ್ಟು ಎಳೆಯಬೇಕಾಯಿತು. ಅದು ಒಮ್ಮೆಲೇ ಬಂದಾಗ ಮೊದಲು ಬಂದದ್ದು ವಾಸನೆ. ಬೂಷ್ಟಿನದು, ಬೇಬಿ ಪೌಡರಿನದು, ಅವುಗಳ ಅಡಿಯಲ್ಲಿ ಒಣಗಿದ ಹಾಲು ಮತ್ತು ಜಗಿದ ರಟ್ಟಿನದು.

ಹೊದಿಕೆಗಳ ಕೆಳಗೆ ಮಿಶುವಿನ ಪುಸ್ತಕಗಳಿದ್ದವು.

ಎಲ್ಲಕ್ಕಿಂತ ಮೇಲೆ ಬಾತುಮರಿಯ ಪುಸ್ತಕ. ದಪ್ಪ ರಟ್ಟಿನ ಪುಟಗಳು, ಸಣ್ಣ ಕೈಗೆ ಹಿಡಿಯಲಿಕ್ಕಾಗುವಂಥವು. ಬಾತುಮರಿಗೆ ಕೊಕ್ಕು ಇರಲಿಲ್ಲ. ಹಲ್ಲು ಮೂಡುವಾಗ ಮಿಶು ಅದನ್ನು ಚಪ್ಪರಿಸಿ ಚಪ್ಪರಿಸಿ ತೆಗೆದಿದ್ದಳು. ಆ ಜಾಗದಲ್ಲಿ ಬಿಳಿಯ ಕಾಗದ ನಾರು ನಾರಾಗಿ ನಿಂತಿತ್ತು. ಅದರ ಮೇಲೆ ಬೆರಳಾಡಿಸುತ್ತ ನೆಲದಲ್ಲೇ ಕುಳಿತುಬಿಟ್ಟೆ. ಏಳಬೇಕೆನಿಸಲಿಲ್ಲ.

ಮಿಶು, ಅಂದರೆ ಮಿಶೆಲ್, ನನ್ನ ತಂಗಿ ಪ್ರಮೀಳೆಯ ಮಗಳು. ಪ್ರಮೀಳಾ ನರ್ಸ್. ಅತ್ತಾವರದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಗಂಡ ಹಡಗಿನಲ್ಲಿ. ಆಗಷ್ಟೇ ವರ್ಷ ದಾಟಿದ್ದ ಮಗುವಿನ ವೀಸಾ ಬರಲಿಕ್ಕೆ ಸಮಯ ಹಿಡಿಯುತ್ತದೆ ಎಂದಾಗ, ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆಯೇ ಬರಲಿಲ್ಲ. ನಮಗೆ ಮಕ್ಕಳಾಗಲಿಲ್ಲ, ನಾನು ಮನೆಯಲ್ಲೇ ಇರುವವಳು. ನಮ್ಮವರಲ್ಲಿ ಇದೇನು ಹೊಸತಲ್ಲ. ಕುವೈತಿಗೋ ದುಬೈಗೋ ಹೋದ ನರ್ಸುಗಳ ಮಕ್ಕಳು ಅಜ್ಜಿಯ ಹತ್ತಿರವೋ ಚಿಕ್ಕಮ್ಮನ ಹತ್ತಿರವೋ ಬೆಳೆದದ್ದು ಪ್ರತಿ ಮನೆಯಲ್ಲಿ ಉಂಟು. ನಮ್ಮ ದೊಡ್ಡಪ್ಪನ ಮಗಳು ಹಿಲ್ಡಾ ಕುವೈತಿನಿಂದ ಮೊದಲ ರಜೆಗೆ ಬಂದಾಗ, ಅವಳದೇ ಮಗ “ಆಂಟಿ, ಬ್ಯಾಗಿನಲ್ಲಿ ಎಂತ ಉಂಟು?” ಎಂದು ಕೇಳಿದ್ದು ಕುಟುಂಬದಲ್ಲಿ ಜೋಕಿನ ಹಾಗೆ ಓಡಾಡುತ್ತಿತ್ತು. ಹಿಲ್ಡಾ ಮಾತ್ರ ನಗುತ್ತಿರಲಿಲ್ಲ.

ಹೊರಡುವ ಮುಂಚಿನ ಸಂಜೆ ಪ್ರಮೀಳಾ ಎರಡು ಚೀಲ ಹಿಡಿದುಕೊಂಡು ಬಂದಳು. ಎರಡರಲ್ಲೂ ಅವೇ ಇಂಗ್ಲಿಷ್ ಪುಸ್ತಕಗಳು. ಒಂದು ಚೀಲ ಅವಳ ಸೂಟ್‌ಕೇಸಿಗೆ ಹೋಯಿತು, ಇನ್ನೊಂದು ನನ್ನ ಮಂಚದ ಮೇಲೆ.

“ರಾತ್ರಿ ಮಲಗುವ ಹೊತ್ತಿಗೆ ನಾನು ಅಲ್ಲಿಂದ ವಿಡಿಯೋದಲ್ಲಿ ಓದ್ತೇನೆ. ನೀನು ಇಲ್ಲಿ ಪುಟ ಮಗುಚು. ಅವಳಿಗೆ ಪುಸ್ತಕ ಅಂದ್ರೆ ನನ್ನ ಸ್ವರ, ನನ್ನ ಸ್ವರ ಅಂದ್ರೆ ನಿದ್ರೆ, ಹಾಗೆ ಆಗ್ಬೇಕು. ಬೇರೆ ಏನೂ ಬೇಡ ನನಗೆ. ಅವಳು ನನ್ನನ್ನು ಮರೀಬಾರದು, ಬಾಯ್.”

ಅಕ್ಕನನ್ನು ನಾವು ಬಾಯ್ ಎನ್ನುವುದು. ಮರೆಯಲಿಕ್ಕೆ ಬಿಡುವುದಿಲ್ಲ ಎಂದೆ.

ಜೂನಿನಲ್ಲಿ ಶಾಲೆಗಳು ತೆರೆದ ವಾರವೇ ಅವಳು ಹೋದಳು. ಆ ಮೇಲೆ ನಮ್ಮ ಸಂಜೆಗಳಿಗೆ ಒಂದು ಕ್ರಮ ಬಂತು. ಏಳಕ್ಕೆ ತೇರ್ಸ್, ನಮ್ಮ ಜಪಮಾಲೆಯ ಪ್ರಾರ್ಥನೆ. ಸ್ಟ್ಯಾನಿಯ ತೊಡೆಯ ಮೇಲೆ ಮಿಶು ಮಣಿಗಳನ್ನು ಬಾಯಿಗೆ ಹಾಕಿಕೊಳ್ಳುವಳು. ಮತ್ತೆ ಗಂಜಿ, ತುಪ್ಪ. ಮತ್ತೆ ಮಂಚ. ಪೌಡರ್ ಡಬ್ಬಕ್ಕೆ ಒರಗಿಸಿಟ್ಟ ಫೋನ್. ಇಲ್ಲಿ ಎಂಟಾದರೆ ಅಲ್ಲಿ ಮಧ್ಯಾಹ್ನ ಕಳೆದಿರುತ್ತಿತ್ತು. ಡ್ಯೂಟಿ ಇದ್ದ ದಿನ ಪ್ರಮೀಳಾ ಬ್ರೇಕಿನಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಓಡುವಳು. ಹಿಂದೆ ಸಾಲಾಗಿ ಕಬ್ಬಿಣದ ಕಪಾಟುಗಳು, ಅವಳ ನೀಲಿ ಯೂನಿಫಾರ್ಮು, ಕೈಯಲ್ಲಿ ಬಾತುಮರಿ.

ಕತೆ ಇಷ್ಟೇ. ಬಾತುಮರಿಗೆ ರಾತ್ರಿಯಾಯಿತು. ಅದು ಅಳಿಲಿನ ಬಾಗಿಲು ತಟ್ಟಿತು, ಅಳಿಲಿನ ಹಾಸಿಗೆ ಬಹಳ ಎತ್ತರ. ಇಲಿಯ ಬಾಗಿಲು ತಟ್ಟಿತು, ಇಲಿಯ ಹಾಸಿಗೆ ಬಹಳ ಸಣ್ಣದು. ಕಪ್ಪೆಯ ಹಾಸಿಗೆ ಒದ್ದೆ. ಕಪ್ಪೆಯ ಪುಟ ಬಂದಾಗ ಪ್ರಮೀಳಾ ಗಂಟಲಿನಿಂದ “ಗ್ರೋಂಕ್” ಎನ್ನುವಳು, ಮಿಶು ತಲೆ ಹಿಂದಕ್ಕೆ ಚೆಲ್ಲಿ ನಗುವಳು. ಅದರಾಚೆಯ ಪುಟಗಳಲ್ಲಿ ಅವಳ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ನಾನು ಫೋನಿನ ಸದ್ದು ಕಡಿಮೆ ಮಾಡುತ್ತಿದ್ದೆ. ಪ್ರಮೀಳಾ ಓದುವುದನ್ನು ನಿಲ್ಲಿಸಿ, ಬ್ರೇಕು ಮುಗಿಯುವ ತನಕ ಮಗಳು ಮಲಗಿದ್ದನ್ನು ನೋಡುತ್ತ ಇರುವಳು. 

ಓದಲಿಕ್ಕೆ ನನಗೂ ಬರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಲೂಸಿಲ್ಲಾ ನಮಗೆ ಪ್ರತಿ ಪದದ ಕೊನೆಯನ್ನೂ ನುಂಗದೆ ಹೇಳಲು ಕಲಿಸಿದ್ದರು. ವಾಚನ ಸ್ಪರ್ಧೆಯಲ್ಲಿ ನನಗೆ ಸಿಕ್ಕಿದ ಪಿಂಗಾಣಿ ಬಟ್ಟಲು ಈಗಲೂ ಶೋಕೇಸಿನಲ್ಲಿ ಉಂಟು. ಪ್ರಮೀಳಾ ಅವಸರದವಳು. ಅಳಿಲೂ ಇಲಿಯೂ ಅವಳಲ್ಲಿ ಒಂದೇ ಸ್ವರದಲ್ಲಿ ಮಾತಾಡುತ್ತಿದ್ದವು. ಆದರೂ ನನ್ನ ಕೆಲಸ ಪುಟ ಮಗುಚುವುದು. ನಾನು ಮಗುಚುತ್ತಿದ್ದೆ.

ಜುಲೈಯಲ್ಲಿ ಮಳೆ ಕಚ್ಚಿಕೊಂಡಿತು. ಕಿಟಕಿಯ ಮೇಲಿನ ತಗಡಿಗೆ ಬೀಳುವ ಸದ್ದಿಗೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳದು. ಕರೆಂಟು ಹೋಗುವುದು, ನೆಟ್‌ವರ್ಕ್ ಹೋಗುವುದು. ಪ್ರಮೀಳೆಯ ಮುಖ ಬಾಯಿ ತೆರೆದಲ್ಲಿಗೇ ನಿಂತುಬಿಡುವುದು. ಮಿಶು ಆ ಬಾಯಿಗೆ ಬೆರಳಿಟ್ಟು ಕಾಯುವಳು, ಮತ್ತೆ ನನ್ನ ಮುಖ ನೋಡುವಳು. ಅರ್ಧಕ್ಕೆ ನಿಂತ ವಾಕ್ಯವನ್ನು ನಾನು ಮುಗಿಸಲೇಬೇಕಾಯಿತು. ಮೊದಲು ಒಂದು ವಾಕ್ಯ, ಆಮೇಲೆ ಒಂದು ಪುಟ. ಕಾಲ್ ಸಿಗದ ದಿನಗಳಲ್ಲಿ ಇಡೀ ಕತೆ. ಅಳಿಲಿಗೆ ಸಣ್ಣ ಸ್ವರ ಮಾಡಿದೆ, ಇಲಿಗೆ ಶೀತ ಹಿಡಿದ ಸ್ವರ. ಮಳೆಯಲ್ಲಿ ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ. ಮಿಶುವಿಗೆ ಮಾತ್ರ ಕೇಳುತ್ತಿತ್ತು, ಅವಳು ಕಿವಿಯನ್ನು ನನ್ನ ಎದೆಗೆ ಒತ್ತಿ ಕುಳಿತಿರುತ್ತಿದ್ದಳಲ್ಲ. ಆ ದಿನಗಳು ಬಹಳ ಇರಲಿಲ್ಲ.

ಒಂದು ದಿನ ಮಳೆ ಬಿಟ್ಟಿತು. ಪ್ರಮೀಳೆಯ ಕಾಲ್ ಚಂದಕ್ಕೆ ಬಂತು, ಮುಖ ಕನ್ನಡಿಯಲ್ಲಿ ಕಂಡ ಹಾಗೆ ಸ್ಪಷ್ಟವಾಗಿತ್ತು. ಅವಳು “ಒನ್ಸ್” ಎನ್ನುವಷ್ಟರಲ್ಲಿ ಮಿಶು ಕೈ ಚಾಚಿ ಫೋನನ್ನು ಮುಖ ಕೆಳಗೆ ಮಾಡಿ ಮಲಗಿಸಿದಳು. ಪುಸ್ತಕವನ್ನು ನನ್ನ ಮಡಿಲಿಗೆ ತಳ್ಳಿದಳು.

“ಮಾಶಿ,” ಎಂದಳು. ಮಾವ್ಶಿ, ಅಂದರೆ ದೊಡ್ಡಮ್ಮ, ಎನ್ನಲು ಅವಳಿಗೆ ಬರುತ್ತಿರಲಿಲ್ಲ.

ಹಾಸಿಗೆಯಲ್ಲಿ ಮುಖ ಹೂತುಕೊಂಡ ಫೋನಿನೊಳಗಿಂದ ನನ್ನ ತಂಗಿ “ಹಲೋ? ಬಾಯ್? ಕಟ್ ಆಯ್ತಾ?” ಎಂದು ಕೇಳುತ್ತಲೇ ಇದ್ದಳು.

ಫೋನನ್ನು ಎತ್ತಿ ಪೌಡರ್ ಡಬ್ಬಕ್ಕೆ ಒರಗಿಸಿದೆ. “ನೆಟ್‌ವರ್ಕ್,” ಎಂದೆ. ಮಿಶು ಅತ್ತಳು. ನಾನು ತುಟಿ ಬಿಗಿಹಿಡಿದು ಪುಟ ಮಗುಚಿದೆ. ಮರುದಿನ ಪ್ರಮೀಳೆಗೆ ಎಲ್ಲ ಪುಸ್ತಕಗಳನ್ನೂ ಓದಿ ವಾಯ್ಸ್ ಮೆಸೇಜಾಗಿ ಕಳಿಸಲು ಹೇಳಿದೆ. ಕಾಲ್ ಸಿಗದ ದಿನ ಅವಳ ಫೋಟೊ ತೆರೆದಿಟ್ಟು, ಆ ಮೆಸೇಜು ಹಾಕಿ, ನಾನು ಪುಟ ಮಗುಚುವುದು. ಮಿಶು ನನ್ನ ಬಾಯಿಯನ್ನು ಬೆರಳಿನಿಂದ ತೆರೆಯಲು ನೋಡುವಳು. ನಾನು ಫೋನಿನ ಕಡೆ ತೋರಿಸುವೆ. “ಮಮ್ಮಾ ಓದ್ತಾಳೆ ಪುತಾ. ಮಮ್ಮಾ ಅಲ್ಲಿ.” ಸ್ವಲ್ಪ ದಿನಕ್ಕೆ ಅವಳು ನನ್ನ ಬಾಯಿಯನ್ನು ಬಿಟ್ಟಳು.

“ಮಗುವಿನ ಹತ್ತಿರ ಒಂದು ಕತೆ ಹೇಳಿದರೆ ನಿನ್ನ ಗಂಟು ಎಂತ ಹೋಗ್ತದೆ?” ಎಂದು ಸ್ಟ್ಯಾನಿ ಕೇಳಿದರು. ನಾನು ಹಿಲ್ಡಾಳ ಹೆಸರು ಹೇಳಿದೆ. 

ಮೊಂತಿ ಫೆಸ್ತಿಗೆ, ಅದು ನಮ್ಮ ಹೊಸ ಅಕ್ಕಿಯ ಹಬ್ಬ, ಚರ್ಚಿನಲ್ಲಿ ಮಿಶು ಬುಟ್ಟಿಯ ಹೂವನ್ನೆಲ್ಲ ಮಾತೆಗೆ ಹಾಕದೆ ಮುಂದಿನ ಬೆಂಚಿನ ಮುದುಕರೊಬ್ಬರ ಬೋಳುತಲೆಗೆ ಹಾಕಿದಳು. ಆ ದಿನ ಮನೆಯವರೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿ ಉಣ್ಣಬೇಕು, ದೂರ ಇದ್ದವರಿಗೆ ಮಂತ್ರಿಸಿದ ತೆನೆಯ ಎರಡು ಕಾಳಾದರೂ ತಲುಪಿಸಬೇಕು ಎಂದು ಕ್ರಮ. ಲಕೋಟೆಯಲ್ಲಿಟ್ಟು ಕಳಿಸಿದೆ. ಅದು ತಲುಪಿದಾಗ ಪ್ರಮೀಳಾ ತೆನೆಯನ್ನು ಕಪ್ಪೆಯ ಪುಟಕ್ಕೆ ಅಂಟಿಸಿ ಫೋನಿನಲ್ಲಿ ತೋರಿಸಿದಳು. ಮಿಶು ನಮ್ಮ ಪುಸ್ತಕದ ಕಪ್ಪೆಯ ಮೇಲೆ ತೆನೆ ಹುಡುಕಿದಳು. ಅಷ್ಟರಲ್ಲಿ ಅವಳಿಗೆ ಪುಸ್ತಕವೆಂದರೆ ಪ್ರಾಣ. ಹಗಲಿಡೀ ಹಿಡಿದುಕೊಂಡು ಓಡುವಳು, ತಲೆಕೆಳಗೆ ಹಿಡಿದು ಗೊಣಗೊಣ ಓದುವಳು, ಗೊಂಬೆಯ ಮುಂದೆ ಇಟ್ಟು ಪುಟ ಮಗುಚುವಳು. ಎಂಟು ಗಂಟೆಗೆ ತಾನೇ ಹೋಗಿ ಪೌಡರ್ ಡಬ್ಬ ತರುವಳು. ಫೋನ್ ಬೆಳಗಿದ ಕೂಡಲೇ “ಮಮ್ಮಾ!” ಎಂದು ಎರಡು ಕೈ ತಟ್ಟುವಳು. ಪ್ರಮೀಳಾ ಅತ್ತು ಅತ್ತು, “ಬಾಯ್, ನಿನ್ನ ಋಣ ತೀರಿಸ್ಲಿಕ್ಕೆ ಉಂಟಾ,” ಎಂದಳು. ನನಗೂ ಎಲ್ಲ ಸರಿಯಾಗಿ ಆಗುತ್ತಾ ಉಂಟು ಎಂದೇ ತೋರಿತ್ತು.

ಕ್ರಿಸ್ಮಸಿನ ಮುಂಚೆ ಪ್ರಮೀಳಾ ವೀಸಾದೊಂದಿಗೆ ಬಂದಳು. ವಿಮಾನ ನಿಲ್ದಾಣದಲ್ಲಿ ಮಿಶು ನನ್ನ ಕುತ್ತಿಗೆಯಲ್ಲಿ ಮುಖ ಅಡಗಿಸಿದಳು. ಅದು ಸಹಜವೆಂದು ನಾವು ನಕ್ಕೆವು. ದಾರಿಯುದ್ದಕ್ಕೂ ಪ್ರಮೀಳಾ ಅವಳ ಪಾದವನ್ನು ಮಾತ್ರ ಹಿಡಿದುಕೊಂಡಿದ್ದಳು. “ರಾತ್ರಿ ಆಗ್ಲಿ. ಪುಸ್ತಕ ತೆಗೆದ್ರೆ ಗೊತ್ತಾಗ್ತದೆ ಅವಳಿಗೆ,” ಎಂದಳು.

ರಾತ್ರಿ ಅವಳು ಮಂಚದ ಮೇಲೆ ಕುಳಿತು ಬಾತುಮರಿಯನ್ನು ತೆರೆದಳು. ಫೋನಿನಲ್ಲಿ ಓದುತ್ತಿದ್ದ ಹಾಗೆಯೇ ಓದಲು ಶುರುಮಾಡಿದಳು. ಮಿಶು ಅವಳನ್ನು ನೋಡಿದಳು. ಪುಸ್ತಕವನ್ನು ನೋಡಿದಳು. ಮಂಚದಿಂದ ಇಳಿದು ಹೋಗಿ ಪೌಡರ್ ಡಬ್ಬ ತಂದಿಟ್ಟು, ನನ್ನ ಫೋನ್ ತಂದು ಅದಕ್ಕೆ ಒರಗಿಸಿ, ಕಪ್ಪು ಪರದೆಯನ್ನು ತಟ್ಟಿದಳು.

“ಮಮ್ಮಾ,” ಎಂದಳು. “ಮಮ್ಮಾ ಬಾ.”

“ನಾನೇ ಮಮ್ಮಾ ಪುತಾ. ಇಲ್ಲಿ ನೋಡು. ಗ್ರೋಂಕ್!”

ಮಗು ಬೆದರಿತು. ಈ ಹೆಂಗಸಿನ ಬಾಯಿಯಿಂದ ಆ ಸದ್ದು ಬಂದದ್ದು ಅವಳಿಗೆ ಸರಿ ಕಾಣಲಿಲ್ಲ. ಅವಳು ಫೋನನ್ನು ಎದೆಗೆ ಅವಚಿಕೊಂಡು, ಉಸಿರು ಕಟ್ಟುವ ಹಾಗೆ ಅತ್ತಳು. ಮಮ್ಮಾ ಬೇಕು, ಮಮ್ಮಾ ಬೇಕು. ಪ್ರಮೀಳಾ ಕೈ ಚಾಚಿದಷ್ಟೂ ಮಿಶು ಗೋಡೆಗೆ ಒತ್ತಿಕೊಂಡಳು. ನಾವು ಎಂತ ಕಲಿಸಿದ್ದೇವೆ ಎಂದು ನನಗೆ ಆಗ ಗೊತ್ತಾಯಿತು. ಮಗು ತಾಯಿಯನ್ನು ಮರೆತಿರಲಿಲ್ಲ. ತಾಯಿ ಎಂದರೆ ಅಂಗೈಯಷ್ಟು ಬೆಳಕು, ಪೌಡರ್ ಡಬ್ಬಕ್ಕೆ ಒರಗಿ ಓದುವಂಥದ್ದು. ನೀಲಿ ಯೂನಿಫಾರ್ಮಿಲ್ಲದ, ಬೆವರಿದ, ಉದ್ದ ಕೈಗಳ ಈ ಹೆಂಗಸು ಬೇರೆ ಯಾರೋ.

ಬಾಗಿಲಲ್ಲಿ ನಿಂತಿದ್ದ ಸ್ಟ್ಯಾನಿ ಕೊನೆಗೆ ಹೇಳಿದರು. “ಪ್ರಮ್ಮಿ, ನೀನು ಅಡುಗೆಮನೆಗೆ ಹೋಗಿ ಕಾಲ್ ಮಾಡು.”

ಅವಳು ಅವರ ಮುಖ ನೋಡಿದಳು. ಮತ್ತೆ ಪುಸ್ತಕ ತೆಗೆದುಕೊಂಡು ಎದ್ದು ಹೋದಳು.

ಫೋನ್ ಬೆಳಗಿತು. ಮಿಶು ಬಿಕ್ಕುತ್ತಲೇ ನಕ್ಕಳು, ಕೈ ತಟ್ಟಿದಳು, ನನ್ನ ಮಡಿಲಿಗೆ ಬಂದು ಕುಳಿತಳು. ಪರದೆಯಲ್ಲಿ ನನ್ನ ತಂಗಿಯ ಹಿಂದೆ ನನ್ನದೇ ಗ್ಯಾಸ್ ಒಲೆ, ಕುಸ್ವಾರಿಗೆಂದು, ಕ್ರಿಸ್ಮಸಿಗೆ ಹಂಚುವ ತಿಂಡಿಗೆಂದು, ಕರಿದಿಟ್ಟ ಕಿಡ್ಯೊ, ನೆವ್ರ್ಯೊ ತಟ್ಟೆಗಳು. ಅವಳು ಓದಿದಳು. ಸ್ವರ ಎರಡು ಸಲ ಬರುತ್ತಿತ್ತು. ಅಡುಗೆಮನೆಯಿಂದ ಒಮ್ಮೆ, ಸ್ವಲ್ಪ ತಡೆದು ಫೋನಿನಿಂದ ಒಮ್ಮೆ. ಕಪ್ಪೆಯ ಪುಟದಲ್ಲಿ ಅವಳಿಗೆ ಸದ್ದು ಹೊರಡಲಿಲ್ಲ. ಮಿಶು ಕಾದಳು. ಕಾದು, ತಾನೇ ಹೇಳಿದಳು. “ಗೋಂಕ್.”

ಮಗು ಮಲಗಿದ ಮೇಲೆ ಅಡುಗೆಮನೆಗೆ ಹೋದೆ. ಪ್ರಮೀಳಾ ನೆಲದಲ್ಲಿ ಕುಳಿತಿದ್ದಳು.

“ನಾನು ಪರದೆಯೊಳಗೇ ಇರ್ಬೇಕಿತ್ತು ಬಾಯ್,” ಎಂದಳು. “ಬರ್ಲೇಬಾರ್ದಿತ್ತು.”

“ಹುಚ್ಚು ಮಾತು ಆಡ್ಬೇಡ. ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಬಾ.”

ಹಾಗೆ ಮಾಡಿದೆವು. ಅಡುಗೆಮನೆಯಿಂದ ಹಾಲ್‌ಗೆ. ಹಾಲ್‌ನಿಂದ ಕೋಣೆಯ ಬಾಗಿಲಿಗೆ, ಫೋನಿನೊಂದಿಗೇ. ಮಿಶು ಪರದೆ ನೋಡುವಳು, ಬಾಗಿಲು ನೋಡುವಳು, ಮತ್ತೆ ಪರದೆ. ಬಾಗಿಲಿನಿಂದ ಮಂಚದ ಕಾಲಬದಿಗೆ. ಪ್ರಮೀಳಾ ಒಳಗೆ ಬಂದಷ್ಟೂ ನಾನು ಹೊರಗೆ ಹೋಗಬೇಕಾಗಿತ್ತು, ಇಲ್ಲದಿದ್ದರೆ ಮಗು ನನ್ನ ಮಡಿಲಿಗೇ ಬರುವುದು. ದಿಂಬಿನ ಬದಿಯಿಂದ ಅಂಚಿಗೆ, ಅಂಚಿನಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿಗೆ. ಒಂದು ಸಂಜೆ ಬಾಗಿಲ ಸಂದಿನಿಂದ ನೋಡಿದೆ. ಮಿಶು ಅವಳ ಮಡಿಲಲ್ಲಿದ್ದಳು. ಫೋನ್ ಪ್ರಮೀಳೆಯ ಕೈಯಲ್ಲೇ ಬೆಳಗುತ್ತಿತ್ತು. ಮಗು ಪರದೆಯ ತುಟಿಗೆ ಬೆರಳಿಟ್ಟಿತು. ಮತ್ತೆ ತಲೆಯೆತ್ತಿ, ಮೇಲಿದ್ದ ತುಟಿಗೆ ಬೆರಳಿಟ್ಟಿತು. ಅದು ಬೆಚ್ಚಗಿದ್ದಿರಬೇಕು. ಬೆರಳನ್ನು ಅಲ್ಲೇ ಬಿಟ್ಟಿತು.

ನಾನು ಮೆಲ್ಲಗೆ ಬಾಗಿಲೆಳೆದು ಹಾಲ್‌ಗೆ ಬಂದು ಕುಸ್ವಾರಿನ ಡಬ್ಬಗಳಿಗೆ ಕಾಗದ ಹಾಸುತ್ತ ಕುಳಿತೆ. ಒಳಗೆ ಕಪ್ಪೆ ಕೂಗಿತು, ಮಗು ನಕ್ಕಿತು.

“ಅಬ್ಬ, ಆಯ್ತಲ್ಲ! ಗೆದ್ದೆ ನೀನು,” ಎಂದರು ಸ್ಟ್ಯಾನಿ. ಮತ್ತೆ ನನ್ನ ಮುಖ ನೋಡಿ ಟಿ.ವಿ. ಹಾಕಿದರು.

ಜನವರಿಯಲ್ಲಿ ಅವರು ಹೊರಟರು. ಸೂಟ್‌ಕೇಸ್ ತೂಗುವಾಗ ನಾನು ಪುಸ್ತಕಗಳನ್ನು ತಂದಿಟ್ಟೆ. “ಬೇಡ ಬಾಯ್, ಭಾರ. ಅಲ್ಲಿ ಸೇಮ್ ಪುಸ್ತಕವೇ ಉಂಟಲ್ಲ,” ಎಂದಳು ಪ್ರಮೀಳಾ. ಹೌದು, ಉಂಟು. ಅಲ್ಲಿಯ ಬಾತುಮರಿಗೆ ಕೊಕ್ಕೂ ಉಂಟು. ವಿಮಾನ ನಿಲ್ದಾಣದಲ್ಲಿ ಮಿಶು ತಾಯಿಯ ಹೆಗಲ ಮೇಲಿನಿಂದ ನನಗೆ ಟಾಟಾ ಮಾಡಿದಳು. ರಾತ್ರಿ ಫೋನ್ ಆರಿಸುವ ಮೊದಲು ಪರದೆಗೆ ಮಾಡುತ್ತಿದ್ದ ಹಾಗೆ, ಬೆರಳುಗಳನ್ನು ಮಡಿಸಿ ಬಿಡಿಸಿ.

ಮೊದಲ ವಾರಗಳಲ್ಲಿ ಕಾಲ್ ಮಾಡುತ್ತಿದ್ದೆ. ಒಂದು ದಿನ ಪ್ರಮೀಳೆಯ ಮೆಸೇಜು ಬಂತು. ನಿನ್ನನ್ನು ನೋಡಿದ ಮೇಲೆ ಅವಳು ಬಾಗಿಲ ಹತ್ತಿರ ಹೋಗಿ ಕೂರುತ್ತಾಳೆ ಬಾಯ್, ಮಲಗುವುದಿಲ್ಲ. ಸ್ವಲ್ಪ ದಿನ ಬೇಡ, ಬೇಜಾರು ಮಾಡ್ಬೇಡ. ನಾನು ಸರಿ ಎಂದೆ. ಆ ಸ್ವಲ್ಪ ದಿನದಲ್ಲಿ ಬೇಸಿಗೆ ಹೋಯಿತು, ಈ ಮಳೆಗಾಲವೂ ಮುಗಿಯುತ್ತ ಬಂತು.

ಕಳೆದ ಭಾನುವಾರ ಪ್ರಮೀಳಾ ತಾನಾಗಿ ವಿಡಿಯೋ ಮಾಡಿದಳು. ಮಿಶುವಿಗೆ ಕೂದಲು ಉದ್ದ ಬಂದಿದೆ, ಎರಡು ಜುಟ್ಟು. ಕೈಯಲ್ಲಿ ನಾನು ಕಾಣದ ಯಾವುದೋ ಪುಸ್ತಕ. “ಮಾವ್ಶಿಗೆ ಹಲೋ ಹೇಳು,” ಎಂದಳು ತಾಯಿ. ಮಗು ಒಮ್ಮೆ ಪರದೆ ನೋಡಿ, “ಹಾಯ್ ಆಂಟಿ,” ಎಂದು ಆ ಊರಿನವರ ಹಾಗೆ ಹೇಳಿ ಪುಸ್ತಕಕ್ಕೆ ತಿರುಗಿತು. ಪ್ರಮೀಳಾ ಗಮನಿಸಲಿಲ್ಲ. ಖುಷಿಯಲ್ಲಿದ್ದಳು.

“ಗೊತ್ತುಂಟಾ ಬಾಯ್, ಶಿಶುವಿಹಾರದ ಟೀಚರ್ ಕೇಳಿದ್ರು, ಇಷ್ಟು ಸಣ್ಣ ಮಗುವಿಗೆ ಪುಸ್ತಕದ ಮೇಲೆ ಇಷ್ಟು ಪ್ರೀತಿ ಹೇಗೆ ಬಂತು ಅಂತ. ನಾನು ಹೇಳಿದೆ, ನಾನು ದೂರ ಇದ್ದಾಗ ಫೋನಿನಲ್ಲಿ ಓದ್ತಿದ್ದೆ ಅಂತ. ಅವ್ರಿಗೆ ಕಣ್ಣಲ್ಲಿ ನೀರು.”

“ಬರ್ಲಿಕ್ಕೇ ಬೇಕಲ್ಲ,” ಎಂದೆ.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಓದಿದ್ದು ಅವಳೇ. ಮಗು ನೆನಪಿಟ್ಟುಕೊಳ್ಳಲಿಕ್ಕೆ ನನ್ನದೆಂಬ ಒಂದು ಸ್ವರವನ್ನೂ ನಾನು ಉಳಿಸಿರಲಿಲ್ಲ. ಜುಲೈಯ ಆ ನಾಲ್ಕು ದಿನದ ಅಳಿಲು, ಇಲಿ, ಅವು ಮಳೆಯಲ್ಲೇ ಹೋದವು. ಈ ಪುಟಗಳ ಅಂಚಿನಲ್ಲಿ ಹೆಬ್ಬೆರಳಿನ ಎಣ್ಣೆಯ ಕಲೆಗಳುಂಟು, ಒಂದರ ಮೇಲೊಂದು, ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿ. ಅವು ನನ್ನವು. ಅವುಗಳನ್ನು ನೋಡುವವರು ಯಾರು?

ಹಾಗೆ ಕುಳಿತಿದ್ದಂತೆ ಬಿಸಿಲು ಕಿಟಕಿಯಿಂದ ಸರಿಯಲಿಕ್ಕಾಗಿತ್ತು. ಎದ್ದು ಚಾಪೆ, ದಿಂಬುಗಳ ಜತೆ ಪುಸ್ತಕಗಳನ್ನೂ ಟೆರೇಸಿಗೆ ಹೊತ್ತೆ. ಪುಸ್ತಕಗಳನ್ನು ತೆರೆದು, ಬೆನ್ನು ಮೇಲಾಗಿ, ಹಂಚಿನ ಮಾಡಿನ ಹಾಗೆ ಬಿಸಿಲಿಗೆ ನಿಲ್ಲಿಸಿಟ್ಟೆ. ಹತ್ತಿ ಬಟ್ಟೆಯಲ್ಲಿ ಬೂಷ್ಟು ಒರಸಿದೆ. ಬಾತುಮರಿಯ ಕೊಕ್ಕಿನ ಜಾಗವನ್ನು ಒರಸಲಿಲ್ಲ. ನಾರು ಎದ್ದು ಬಂದೀತೆಂದು.

ಸಂಜೆ ತರಲು ಹೋದಾಗ ಪಕ್ಕದ ಮನೆಯ ವಸಂತಿ ಅಕ್ಕ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದರು. ತುಳುವರು, ನನ್ನನ್ನು ಬಾಯಮ್ಮ ಎಂದೇ ಕರೆಯುವವರು. ನಮ್ಮ ಮಲಗುವ ಕೋಣೆಗೂ ಅವರ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಆಕಾಶ ಕೆಂಪಾಗಿತ್ತು, ದೂರದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಅವರು ಗಂಡನ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಬಂದು, ಬಗ್ಗಿ ಬಾತುಮರಿಯ ಪುಸ್ತಕ ಎತ್ತಿದರು.

“ಅಯ್ಯೋ, ಇದುವೇ ಅಲ್ಲವಾ ಆ ಕಪ್ಪೆಯ ಪುಸ್ತಕ! ನಮಗೆ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠ ಆಗಿತ್ತು ಮಾರಾಯ್ರೆ. ಕಪ್ಪೆ ಕೂಗಿತು ಅಂದ್ರೆ ಇವರು ಊಟಕ್ಕೆ ಏಳುವುದು.” ಪುಟಗಳನ್ನು ಒಮ್ಮೆ ಬರ್ರನೆ ಬಿಟ್ಟು ನನ್ನ ಕೈಗೆ ಕೊಟ್ಟರು. ಕ್ಲಿಪ್ಪುಗಳನ್ನು ಡಬ್ಬಕ್ಕೆ ಹಾಕುತ್ತ, ಮೆಟ್ಟಿಲ ಕಡೆ ತಿರುಗಿ, ಹಾಗೇ ಕೇಳಿದರು.

“ಓದುವುದು ನಿಮ್ಮ ತಂಗಿ, ನಗುವುದು ಮಗು. ನಿಮ್ಮ ಸ್ವರ ಒಂದು ದಿನವೂ ಕೇಳ್ಲಿಲ್ಲ. ನೀವು ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರ್ತಿದ್ರಿ ಅಲ್ಲವಾ, ಬಾಯಮ್ಮ?”